16ನೇ ತಾರೀಕಿಗೆ ಮುಗಿಯದ ಯುದ್ಧ

ನಮ್ಮ ದೊಡ್ಡಪ್ಪ ಮಿಲ್ಟ್ರಿಯಲ್ಲಿ ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕ ಆಗಿದ್ದರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್ ಇದೆಯಲ್ಲ, ಅಲ್ಲಿ ತರಬೇತಿ. ಆಮೇಲೆ 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ, ಪಾಕಿಸ್ತಾನದ ಶಕರಗಢದ ಕಡೆ, ಬಸಂತರ್ ನದಿಯ ಹತ್ತಿರ ಮೈನ್ (ನೆಲದಲ್ಲಿ ಹೂತಿಟ್ಟ ಸಿಡಿಮದ್ದು) ತೆಗೆಯುವ ಕೆಲಸ. ಅವರ ನೆನಪುಗಳನ್ನು ಪುಸ್ತಕ ಮಾಡಲು ನನಗೆ ಎರಡು ವರ್ಷ ಹಿಡಿಯಿತು. 140 ಪುಟ, 300 ಪ್ರತಿ. ನೆಂಟರು, ಊರಿನವರು, ಅವರ ಹಳೆಯ ಜೊತೆಗಾರರು ಓದಲಿ ಅಂತ ಮಾಡಿಸಿದ್ದು. ಮನೆಯ ಹಿರಿಯ ಸೈನಿಕರೊಬ್ಬರ ಬಗ್ಗೆ ಬರೆಯಬೇಕು ಅಂತ ನಿಮಗೂ ಆಸೆ ಇದ್ದರೆ, ನಾನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅಂತ ಹೇಳುತ್ತೇನೆ.

ಮೊದಲ ತಿಂಗಳು ಸುಮ್ನೆ ಹೋಯಿತು. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ "ಯುದ್ಧದಲ್ಲಿ ಏನಾಯ್ತು ದೊಡ್ಡಪ್ಪ?" ಅಂತ ಕೇಳಿದೆ. "ಏನಾಗುತ್ತೆ ಮಗಾ, ಹೋದ್ವಿ, ಬಂದ್ವಿ" ಅಂದರು. ಅಷ್ಟೇ. ಆಮೇಲೆ ಕೇಳುವ ರೀತಿ ಬದಲಿಸಿದೆ. ಆ ರಾತ್ರಿ ಏನು ತಿಂದ್ರಿ? ಕಾಲಲ್ಲಿ ಯಾವ ಬೂಟು ಇತ್ತು? ಪಕ್ಕದಲ್ಲಿ ಯಾರು ಮಲಗಿದ್ದರು? ಆಗ ಮಾತು ತಾನಾಗಿ ಬಂತು. ತಣ್ಣಗಾದ ಪೂರಿ, ಎನಾಮಲ್ ಮಗ್ಗಿನಲ್ಲಿ ಚಹಾ, ಒದ್ದೆ ಸಾಕ್ಸ್, ಡಿಸೆಂಬರ್‌ನ ಮಂಜು, ಎಲ್ಲವೂ ಒಂದರ ಹಿಂದೆ ಒಂದು.

ಒಂದು ಮಧ್ಯಾಹ್ನ, ಮೈನ್ ಹುಡುಕೋದು ಹೇಗೆ ಅಂತ ಕೇಳಿದೆ. ಅವರು ಎದ್ದು ಹೋಗಿ ಅಂಗಳದ ಮಣ್ಣಿನಲ್ಲಿ ನಾಲ್ಕು ಗೋಟಡಿಕೆ ಹೂತು ಬಂದರು. ನನ್ನ ಕೈಗೆ ಒಂದು ಕಬ್ಬಿಣದ ಕಡ್ಡಿ ಕೊಟ್ಟು ಹುಡುಕು ಅಂದರು. ನಾನು ಮೇಲಿಂದ ನೇರ ಚುಚ್ಚಿದೆ. ಕಡ್ಡಿ ಟಕ್ ಅಂತ ಅಡಿಕೆಗೆ ತಾಗಿತು. "ಹೋದೆ ನೀನು" ಅಂದರು. "ನೇರ ಚುಚ್ಚಿದ್ರೆ ಮೈನಿನ ತಲೆ ಮೇಲೆ ಒತ್ತು ಬೀಳುತ್ತೆ. ಓರೆಯಾಗಿ, ಮೆಲ್ಲಗೆ ತಳ್ಳಬೇಕು. ಪಕ್ಕಕ್ಕೆ ತಾಗಬೇಕು." ಆಮೇಲೆ ತಾವೇ ಮಂಡಿಯೂರಿ ಕೂತು ಒಂದೊಂದು ಗೇಣಿಗೆ ಕಡ್ಡಿ ಇಳಿಸುತ್ತಾ ಹೋದರು. ನಾಲ್ಕೂ ಅಡಿಕೆ ಸಿಕ್ಕವು. ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಪುಟ ಇದೇ. ಇಂಥದ್ದನ್ನು ಬಾಯಲ್ಲಿ ಹೇಳಿಸಬೇಡಿ, ಮಾಡಿ ತೋರಿಸಲು ಹೇಳಿ.

ಇನ್ನು ಕಾಗದಪತ್ರ. ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಸೇವಾ ವಿವರದ ಪುಸ್ತಕ) ಇದ್ದೇ ಇರುತ್ತದೆ, ಮೊದಲು ಅದನ್ನು ತೆಗೆಸಿ. ಮೆಡಲುಗಳನ್ನೂ ನೋಡಿ. 1971ರಲ್ಲಿ ಪಶ್ಚಿಮದಲ್ಲಿ ಹೋರಾಡಿದವರಿಗೆ ಪಶ್ಚಿಮಿ ಸ್ಟಾರ್, ಬಾಂಗ್ಲಾದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್ ಕೊಟ್ಟಿದ್ದರು. ಅಷ್ಟರಿಂದಲೇ ಅವರು ಎಲ್ಲಿದ್ದರು ಅನ್ನೋದು ಅರ್ಧ ಗೊತ್ತಾಗುತ್ತದೆ.

ಕೊನೆಗೆ ಇತಿಹಾಸದ ಪುಸ್ತಕಗಳು. ರೆಜಿಮೆಂಟುಗಳ ಇತಿಹಾಸ, ಅಧಿಕಾರಿಗಳ ಆತ್ಮಕತೆ, ಶೌರ್ಯ ಪದಕದ ಜೊತೆ ಬರುವ ಸೈಟೇಶನ್, ಅಂದರೆ ಪದಕ ಯಾಕೆ ಕೊಟ್ಟರು ಅನ್ನುವ ಬರಹ. ಹೆಚ್ಚಿನವು ಇಂಗ್ಲಿಷಿನಲ್ಲೇ ಇವೆ. ಅವುಗಳಲ್ಲಿ ಬ್ರಿಗೇಡು ಇದೆ, ಬಾಣದ ಗುರುತಿನ ನಕ್ಷೆ ಇದೆ. ನಮ್ಮ ದೊಡ್ಡಪ್ಪ ಕಂಡಿದ್ದು ತಮ್ಮ ಮುಂದಿನ ಹತ್ತು ಅಡಿ ನೆಲ ಮಾತ್ರ.

ಆ ಎರಡನ್ನೂ ಜೊತೆಗಿಟ್ಟು ನೋಡಿದಾಗ ನಾನು ನಿರೀಕ್ಷಿಸದೆ ಇದ್ದದ್ದು ಒಂದು ನಡೆಯಿತು. ಡಿಸೆಂಬರ್ 15ರ ರಾತ್ರಿಯ ಬಗ್ಗೆ ಅವರು ಹೇಳಿದ್ದು ಇಷ್ಟು. ಲೇನು, ಅಂದರೆ ಮೈನ್ ತೆಗೆದು ಮಾಡುವ ದಾರಿ, ಇನ್ನೂ ಪೂರ್ತಿ ಆಗಿರಲಿಲ್ಲ; ಅದರ ಗುರುತಿಗೆ ಹಾಕುವ ಬಿಳಿ ಟೇಪು ಅರ್ಧ ದಾರಿಯಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಟ್ಯಾಂಕುಗಳ ಸದ್ದು. ಇವರು ಬದಿಗೆ ಸರಿದು ಮಲಗಿದರು. ಟ್ಯಾಂಕುಗಳು ಪಕ್ಕದಲ್ಲೇ ನೆಲ ನಡುಗಿಸುತ್ತಾ ಮೈನುಗಳ ಕಡೆಗೇ ಹೋದವು. ಅವು ಯಾಕೆ ಕಾಯಲಿಲ್ಲ ಅಂತ ಇವರಿಗೆ ಯಾರೂ ಹೇಳಿರಲಿಲ್ಲ.

ಪುಸ್ತಕಗಳಲ್ಲಿ ಉತ್ತರ ಇತ್ತು. 47ನೇ ಇನ್‌ಫೆಂಟ್ರಿ ಬ್ರಿಗೇಡಿನವರು ಆಗಲೇ ನದಿ ದಾಟಿ ಆಚೆ ದಡದಲ್ಲಿ ಜಾಗ ಹಿಡಿದಿದ್ದರು. ಎದುರಿನಿಂದ ಪಾಕಿಸ್ತಾನದ ಟ್ಯಾಂಕುಗಳ ಓಡಾಟ ಕಂಡು ಸುದ್ದಿ ಕಳಿಸಿದ್ದರು. ಅದಕ್ಕೇ 17 ಪೂನಾ ಹಾರ್ಸ್ ಅನ್ನುವ ಟ್ಯಾಂಕ್ ರೆಜಿಮೆಂಟಿನವರು ಅರ್ಧ ಮಾತ್ರ ತೆರವಾದ, ಮೈನ್ ಹೂತ ನೆಲದಲ್ಲೇ ನುಗ್ಗಿದ್ದು. ಮರುದಿನ ಅದೇ ರೆಜಿಮೆಂಟಿನ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ತಮ್ಮ ಟ್ಯಾಂಕಿನಲ್ಲೇ ಹುತಾತ್ಮರಾದರು. ಪರಮವೀರ ಚಕ್ರ ಬಂತು.

ಇದನ್ನು ಓದಿ ಹೇಳಿದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆ ಕಡೆಯವರಿಗೆ ಕಷ್ಟ ಬಂದು ಓಡಿದ್ರಾ? ನಾವು ನಿಧಾನ ಮಾಡಿದ್ವಿ ಅಂತ ಸಿಟ್ಟಾಗಿ ಬಂದ್ರು ಅಂದ್ಕೊಂಡಿದ್ದೆ ಕಣೋ" ಅಂದರು. ಐವತ್ತು ವರ್ಷ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು. ದೊಡ್ಡಮ್ಮನಿಗೂ ಹೇಳಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯ. 17ನೇ ತಾರೀಕು ಬೆಳಗ್ಗೆಯೂ ಶೆಲ್ ಬಿದ್ದವು, ರಾತ್ರಿ ಎಂಟಕ್ಕೆ ಗುಂಡು ನಿಂತಿತು ಅಂತ ಅವರು ಮೂರು ಸಲ ಹೇಳಿದ್ದರು. ನಾನು ನಂಬಲಿಲ್ಲ. ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು ಅಂತ ಶಾಲೆಯಲ್ಲೇ ಓದಿದ್ದೆ, ವಿಜಯ ದಿವಸವೂ ಅವತ್ತೇ. ವಯಸ್ಸಾಯ್ತು, ಮರೆತಿದ್ದಾರೆ ಅಂದುಕೊಂಡು 16 ಅಂತ ತಿದ್ದಿ ಅಚ್ಚಿಗೆ ಕಳಿಸಿದೆ. ಅವರನ್ನು ಒಂದು ಮಾತು ಕೇಳಲೂ ಇಲ್ಲ.

ಅವರು ಹೇಳಿದ್ದೇ ಸರಿ. 16ರಂದು ಢಾಕಾದಲ್ಲಿ ಶರಣಾಗತಿಗೆ ಸಹಿ ಬಿತ್ತು, ಸುಮಾರು 93,000 ಜನ ಸೆರೆಯಾದರು. ಅದು ಪೂರ್ವದ ಮಾತು. ಪಶ್ಚಿಮದಲ್ಲಿ ಕದನ ವಿರಾಮ ಜಾರಿಗೆ ಬಂದಿದ್ದು 17ರ ರಾತ್ರಿ ಎಂಟಕ್ಕೆ. ಆ ದಿನವೇ ಬಸಂತರ್ ಬಳಿ ಮತ್ತೆ ದಾಳಿಯಾಗಿ, 3 ಗ್ರೆನೇಡಿಯರ್ಸ್ ಅನ್ನುವ ಕಾಲಾಳು ಪಡೆಯ ಮೇಜರ್ ಹೋಶಿಯಾರ್ ಸಿಂಗ್ ಗಾಯಗೊಂಡರೂ ಜಾಗ ಬಿಡದೆ ಹೋರಾಡಿದ್ದರು. ಇದೆಲ್ಲ ನನ್ನ ಮೇಜಿನ ಮೇಲಿದ್ದ ಪುಸ್ತಕದಲ್ಲೇ ಇತ್ತು. 16ರವರೆಗೆ ಓದಿ ಮುಚ್ಚಿಟ್ಟಿದ್ದೆ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಅವರ ಮಾತಿಗೂ ಪುಸ್ತಕಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಹಾಗೇ ಬರೆದಿಡುತ್ತೇನೆ, ಅವರ ಮುಂದೆ ಕೂತು ಓದುತ್ತೇನೆ, ಇನ್ನೆರಡು ಪುಸ್ತಕ ತೆಗೆದು ನೋಡುತ್ತೇನೆ. ಆಮೇಲೇ ತಿದ್ದುವ ಮಾತು.

300 ಪ್ರತಿಗೂ ತಿದ್ದುಪಡಿ ಚೀಟಿ ಅಂಟಿಸಬೇಕಾಯಿತು. ದೊಡ್ಡಮ್ಮ ಮೈದಾ ಗೋಂದು ಕಾಯಿಸಿ ಕೊಟ್ಟರು. ನಾನು ಕ್ಷಮೆ ಕೇಳಿದ್ದಕ್ಕೆ ದೊಡ್ಡಪ್ಪ ಏನೂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ನನ್ನ ಪಕ್ಕ ಕೂತರು. 112ನೇ ಪುಟ ತೆಗೆದು, ಚೀಟಿ ಇಟ್ಟು, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿ, ಮುಂದಿನ ಪ್ರತಿಗೆ ಕೈ ಚಾಚಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುನ್ನೂರೂ ಆಗಿತ್ತು.