ಬ್ಯಾಂಕಿನ ಬಾಕಿಗೂ ಪುಸ್ತಕದ ಬಾಕಿಗೂ ತಾಳೆ ತಂದ ನನ್ನ ಅನುಭವ

ಗೋಣಿಕೊಪ್ಪಲಿನಲ್ಲಿ ಕಾಫಿ, ಕರಿಮೆಣಸು ಖರೀದಿಸುವ ಒಂದು ಮಂಡಿಯ ಲೆಕ್ಕ ನನ್ನ ಕೈಗೆ ಬಂದಾಗ, ಬ್ಯಾಂಕ್ ಸ್ಟೇಟ್‌ಮೆಂಟಿಗೂ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನ ಲೆಡ್ಜರಿಗೂ ಸುಮಾರು ನಾಲ್ಕು ಲಕ್ಷ ರೂಪಾಯಿಯ ಅಂತರವಿತ್ತು. ಅದನ್ನು ಸಸ್ಪೆನ್ಸ್ ಖಾತೆಗೆ, ಅಂದರೆ ಮೂಲ ತಿಳಿಯದ ಮೊತ್ತಗಳನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ, ತಳ್ಳಿ ವರ್ಷ ಮುಗಿಸುವುದು ವಾಡಿಕೆಯಾಗಿತ್ತು. ಆ ಖಾತೆಯನ್ನೇ ಮುಚ್ಚುತ್ತೇನೆಂದಾಗ ಆಡಿಟರೂ ನಂಬಲಿಲ್ಲ, ಅಕ್ಕಪಕ್ಕದ ಅಕೌಂಟೆಂಟರೂ ನಂಬಲಿಲ್ಲ. ಕುಯ್ಲಿನ ಕಾಲದ ವೋಚರುಗಳ ರಾಶಿಯಲ್ಲಿ ಅದು ಆಗದ ಕೆಲಸವೆಂದರು.

ತಿಂಗಳ ಕೊನೆಯ ಬಾಕಿಯಿಂದ ಹಿಂದಕ್ಕೆ ಹುಡುಕಿದ್ದು ಫಲ ಕೊಡಲಿಲ್ಲ. ಸ್ಟೇಟ್‌ಮೆಂಟನ್ನು ಎಕ್ಸೆಲ್‌ಗೆ ಇಳಿಸಿ ಮೊತ್ತಕ್ಕೆ ಮೊತ್ತ ಹೊಂದಿಸಿದ್ದೂ ಕೆಟ್ಟಿತು, ಏಕೆಂದರೆ ಒಂದೇ ದರದಲ್ಲಿ ಅಷ್ಟೇ ಚೀಲ ಹಾಕಿದ ಇಬ್ಬರು ಬೆಳೆಗಾರರ ಮೊತ್ತ ಒಂದೇ ಆಗಿ ಹೆಸರುಗಳು ಅದಲುಬದಲಾಗುತ್ತಿದ್ದವು. ಖಾತೆ ಸಂಖ್ಯೆಯಿಂದ ಹೊಂದಿಸಹೊರಟರೆ, ಎಕ್ಸೆಲ್ 15 ಅಂಕೆಗಳ ಆಚೆಗೆ ಸೊನ್ನೆ ತುಂಬುವುದರಿಂದ 16 ಅಂಕೆಯ ಸಂಖ್ಯೆಗಳ ತುದಿ ಹಾಳಾಗುತ್ತಿತ್ತು. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟುಕೊಳ್ಳಬೇಕು.

ಕೊನೆಗೆ ಕೈಹಿಡಿದದ್ದು, ತಾಳೆಯಾಗದ ಪ್ರತಿಯೊಂದು ನಮೂದನ್ನೂ ಅದು ಎಷ್ಟು ದಿನ ಹಳೆಯದೆಂದು ನೋಡಿ ವಿಂಗಡಿಸುವ ಕ್ರಮ. ಹತ್ತು ದಿನದೊಳಗಿನವನ್ನು ಮುಟ್ಟುವುದಿಲ್ಲ. ಹೆಚ್ಚಿನವು ತಾವಾಗಿಯೇ ಕೂಡಿಕೊಳ್ಳುತ್ತವೆ. ಅದಕ್ಕಿಂತ ಹಳೆಯವನ್ನು ಒಂದೊಂದಾಗಿ ಬಿಡಿಸಿದಾಗ, ನಾಲ್ಕು ಲಕ್ಷವೆಂಬುದು ಬರಿಯ ನಿವ್ವಳ ಮೊತ್ತವೆಂದೂ, ಎರಡೂ ಬದಿ ಸೇರಿದರೆ ಒಂಬತ್ತು ಲಕ್ಷ ದಾಟುತ್ತದೆಂದೂ ತಿಳಿಯಿತು. ಒಂದು ಬದಿಯ ತಪ್ಪು ಇನ್ನೊಂದು ಬದಿಯದನ್ನು ಮುಚ್ಚಿಟ್ಟಿತ್ತು.

ಅದರಲ್ಲಿ ದೊಡ್ಡ ಪಾಲು ಚೆಕ್ಕುಗಳದ್ದು. ಒಳಗಿನ ಊರುಗಳ ಬೆಳೆಗಾರರು ಮಾರ್ಚಿನಲ್ಲಿ ಪಡೆದ ಚೆಕ್ಕನ್ನು ಮಳೆ ಹಿಡಿಯುವವರೆಗೂ ಬೀರುವಿನಲ್ಲಿಡುತ್ತಾರೆ. 2012ರ ಏಪ್ರಿಲ್ 1ರಿಂದ ಚೆಕ್ಕಿಗೆ ಮೂರೇ ತಿಂಗಳ ಆಯುಸ್ಸು. ಅವಧಿ ಮೀರಿದ ಚೆಕ್ಕಿನ ಪಾವತಿ ನಮೂದನ್ನು ರದ್ದು ಮಾಡಿ ಬೆಳೆಗಾರರ ಖಾತೆಗೇ ಬಾಕಿ ತೋರಿಸಬೇಕು. ಅದನ್ನು ಆದಾಯವೆಂದು ಬರೆದುಕೊಳ್ಳುವವರಿದ್ದಾರೆ. ಆ ಹಣ ಬೆಳೆಗಾರನದು, ಹಾಗೆ ಬರೆಯುವುದನ್ನು ನಾನು ಒಪ್ಪುವುದೇ ಇಲ್ಲ.

ಇನ್ನೊಂದು ಬದಿಯಲ್ಲಿ ಸಿಕ್ಕಿದ್ದು ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. 2021ರ ಜುಲೈ 1ರಂದು ಜಾರಿಗೆ ಬಂದ ನಿಯಮದಂತೆ, ಒಬ್ಬರಿಂದ ವರ್ಷದ ಖರೀದಿ 50 ಲಕ್ಷ ದಾಟಿದ ಮೇಲೆ ನಮ್ಮಿಂದ ಕೊಳ್ಳುವ ದೊಡ್ಡ ಖರೀದಿದಾರರು ಹೆಚ್ಚುವರಿ ಮೊತ್ತದ ಮೇಲೆ ಶೇಕಡ 0.1 ಹಿಡಿದು ಹಣ ಕಳಿಸುತ್ತಿದ್ದರು. ನಮ್ಮ ಪುಸ್ತಕದಲ್ಲಿ ಮಾತ್ರ ಪೂರ್ಣ ಬಿಲ್ಲಿನ ಮೊತ್ತವೇ ಜಮೆಯಾದಂತೆ ಬರೆದಿತ್ತು. ಲೋಡಿಗೆ ಸಾವಿರ, ಎರಡು ಸಾವಿರವೆಂದು ಯಾರೂ ಗಮನಿಸದ ಆ ಹಣವನ್ನು ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯ ಜೊತೆ ಹೋಲಿಸಿದಾಗ ನಲವತ್ತು ಸಾವಿರದಷ್ಟು ತೆರಿಗೆ ಕ್ರೆಡಿಟ್ ಸಿಕ್ಕಿತು. ನನ್ನ ಶ್ರಮದ ಬೆಲೆ ಮಾಲೀಕರಿಗೆ ಅರ್ಥವಾದದ್ದು ಅಲ್ಲಿ. ಬ್ಯಾಂಕ್ ಶುಲ್ಕ, ಅದರ ಮೇಲಿನ ಶೇಕಡ 18 ಜಿಎಸ್‌ಟಿ, ಸಿಸಿ (ಕ್ಯಾಶ್ ಕ್ರೆಡಿಟ್ ಸಾಲದ) ಖಾತೆಯ ಬಡ್ಡಿ ಇವೆಲ್ಲ ಸಣ್ಣವು.

ಅಂತರ 9ರಿಂದ ಭಾಗವಾದರೆ ಅಂಕೆ ಹಿಂದುಮುಂದಾಗಿರಬಹುದು, 54,800 ಎಂಬುದು 45,800 ಆದಂತೆ. ಅಂತರದ ಅರ್ಧ ಮೊತ್ತದ ನಮೂದು ಸಿಕ್ಕರೆ ಅದು ತಪ್ಪು ಬದಿಗೆ ಬಿದ್ದಿದೆಯೇ ನೋಡಿ. ತೂಕದ ಚೀಟಿಯನ್ನು ಪಾವತಿಗೆ ಜೋಡಿಸಲು ನಮೂದಿನ ವಿವರಣೆಯ ಸಾಲಾದ ನರೇಶನ್‌ನಲ್ಲಿ ನಾನು ಬಳಸುವ ಗುರುತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಮಂಡಿಯ ಸೊತ್ತು.

ಕಳೆದ ಮಾರ್ಚ್ 31ಕ್ಕೆ ಸಸ್ಪೆನ್ಸ್ ಖಾತೆ ಸೊನ್ನೆಯಾಯಿತು. ಆಡಿಟರು ನನ್ನ ಬಾಕಿ ಚೆಕ್ಕುಗಳ ಪಟ್ಟಿಯನ್ನು ಏಪ್ರಿಲಿನ ಸ್ಟೇಟ್‌ಮೆಂಟಿನೊಡನೆ ತಾವೇ ಕುಳಿತು ನೋಡಿದರು. ಒಂದೆರಡನ್ನು ಬಿಟ್ಟು ಎಲ್ಲವೂ ಪಾಸಾಗಿದ್ದವು, ಉಳಿದವುಗಳ ಅವಧಿಯೂ ಮೀರಿರಲಿಲ್ಲ.