ಬಾ ಅಜ್ಜಿಯ ಸೊಂಟ ನೋವು

ಆ ಮನೆಗೆ ಹೋದ ಮೊದಲ ದಿನ ಕಣ್ಣಿಗೆ ಬಿದ್ದಿದ್ದು ಗಾಲಿಕುರ್ಚಿ. ಮೂಲೆಯಲ್ಲಿ ನಿಂತಿತ್ತು, ಅದರ ಮೇಲೆ ಬಟ್ಟೆ ಒಣಗುತ್ತಿತ್ತು. ಅದರಲ್ಲಿ ಕೂರಬೇಕಾದ ಹುಡುಗ ಚಾಪೆ ಮೇಲೆ ಮಲಗಿದ್ದ. ವಯಸ್ಸು 22, ತೂಕ 24 ಕೆಜಿ. ಕುರ್ಚಿ ದೊಡ್ಡಾಳಿನ ಅಳತೆಯದು. ಕೂರಿಸಿದರೆ ಒಂದು ಪಕ್ಕಕ್ಕೆ ವಾಲಿ ಜಾರಿಬಿಡುತ್ತಿದ್ದ. ದಾನ ಕೊಟ್ಟವರು ಫೋಟೋ ತೆಗೆದುಕೊಂಡು ಹೋಗಿದ್ದರಂತೆ.

ವಿಯೆಟ್ನಾಮಿನ ಡಾ ನಾಂಗ್ ನಗರದ ಸುತ್ತಮುತ್ತ ಎರಡು ವರ್ಷ ಫಿಸಿಯೋಥೆರಪಿಸ್ಟ್ ಆಗಿ ಮನೆಮನೆಗೆ ಹೋಗುತ್ತಿದ್ದೆ. ಯುದ್ಧದ ಹೊತ್ತಲ್ಲಿ, 1961ರಿಂದ 1971ರವರೆಗೆ, ಅಮೆರಿಕದವರು ಆ ದೇಶದ ಕಾಡು, ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಜಾಸ್ತಿ ಕಳೆನಾಶಕ ಸುರಿದರು. ಅದರಲ್ಲಿ ದೊಡ್ಡ ಪಾಲು ಏಜೆಂಟ್ ಆರೆಂಜ್. ಡ್ರಮ್ಮಿನ ಸುತ್ತ ಇದ್ದ ಕಿತ್ತಳೆ ಪಟ್ಟಿಯಿಂದ ಬಂದ ಹೆಸರು. ಅದರಲ್ಲಿ ಬೆರೆತಿದ್ದ ಡಯಾಕ್ಸಿನ್ ಅನ್ನೋ ವಿಷ ಕೊಬ್ಬಿಗೆ ಅಂಟಿಕೊಳ್ಳುತ್ತೆ. ಕೆರೆಯ ಕೆಸರಿನಿಂದ ಮೀನಿಗೆ, ಬಾತುಕೋಳಿಗೆ, ಅಲ್ಲಿಂದ ಮನುಷ್ಯರಿಗೆ, ತಾಯಿಯ ಹಾಲಿಗೆ. ಡ್ರಮ್ಮುಗಳನ್ನು ಇಟ್ಟಿದ್ದ ಡಾ ನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು 300 ಡಿಗ್ರಿಗೂ ಮೇಲೆ ಕಾಯಿಸಿ ಶುದ್ಧ ಮಾಡುವ ಕೆಲಸ ಶುರುವಾಗಿದ್ದೇ 2012ರಲ್ಲಿ, ಮುಗಿದಿದ್ದು 2018ರಲ್ಲಿ.

ಹುಡುಗನ ತಾತ ಯುದ್ಧದಲ್ಲಿ ಕಾಡಿನಲ್ಲಿದ್ದವರು, ಈಗಿಲ್ಲ. ಅಮ್ಮ ಬಟ್ಟೆ ಕಾರ್ಖಾನೆಗೆ ಹೋಗುತ್ತಾಳೆ. ನೋಡಿಕೊಳ್ಳೋದು ಅಜ್ಜಿ. ಅಲ್ಲಿ ಅಜ್ಜಿಗೆ ‘ಬಾ’ ಅಂತಾರೆ. ನಾನು ಕರೆದಾಗಲೆಲ್ಲ ನನ್ನ ಕಿವಿಗೇ ‘ಇಲ್ಲಿ ಬಾ’ ಅಂದ ಹಾಗೆ ಕೇಳಿಸಿ ನಗು ಬರುತ್ತಿತ್ತು.

ಮೊದಲು ನಾನು ಮಾಡಿದ್ದು ತಪ್ಪು. ಎಂಟು ವ್ಯಾಯಾಮಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ ಬಂದೆ. ಬಾ ಎಲ್ಲದಕ್ಕೂ ತಲೆಯಾಡಿಸಿದರು. ಎರಡು ವಾರ ಬಿಟ್ಟು ಹೋದರೆ ಒಂದನ್ನೂ ಮಾಡಿಸಿರಲಿಲ್ಲ. ಬೇಜಾರಾಯಿತು. ಆಮೇಲೆ ಅವರು ಮೊಮ್ಮಗನನ್ನು ಎತ್ತೋದನ್ನು ಸುಮ್ನೆ ಕೂತು ನೋಡಿದೆ. ಕಾಲು ನೆಟ್ಟಗಿಟ್ಟು, ಸೊಂಟ ಬಗ್ಗಿಸಿ, ಉಸಿರು ಕಟ್ಟಿ, ದಿನಕ್ಕೆ ಹತ್ತು ಹನ್ನೆರಡು ಸಲ. ‘ಬಾ, ಸೊಂಟ ನೋವಾ?’ ಅಂತ ದುಭಾಷಿ ಕೈಲಿ ಕೇಳಿಸಿದೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಅಂದರು.

ಚಿತ್ರ ಕಿತ್ತುಹಾಕಿದೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಅವರ ಸೊಂಟದ ಮಟ್ಟಕ್ಕೆ ಎತ್ತರಿಸಿದೆವು. ಎತ್ತುವ ಬದಲು ದಪ್ಪ ಬಟ್ಟೆ ಮೇಲೆ ಜಾರಿಸೋದು ಕಲಿಸಿದೆ. ಕುರ್ಚಿಗೆ ಫೋಮ್ ಕತ್ತರಿಸಿ ಎರಡೂ ಪಕ್ಕ ಒತ್ತು ಕೊಟ್ಟು, ಎದೆಗೊಂದು ಬೆಲ್ಟ್ ಹಾಕಿದೆವು.

ಎಲ್ಲಕ್ಕಿಂತ ಫಲ ಕೊಟ್ಟಿದ್ದು ಊಟದ ವಿಷಯ. ಮಲಗಿಸಿಯೇ ಗಂಜಿ ಹಾಕುತ್ತಿದ್ದರು. ಪ್ರತಿ ತುತ್ತಿಗೂ ಕೆಮ್ಮು. ಮಳೆಗಾಲ ಬಂದರೆ ನ್ಯುಮೋನಿಯಾ, ಆಸ್ಪತ್ರೆ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಮಾಡಿ, ಚಿಕ್ಕ ಚಮಚದಲ್ಲಿ ಗಟ್ಟಿ ಗಂಜಿ. ನುಂಗಿದ್ದು ಗಂಟಲಲ್ಲಿ ಕಂಡ ಮೇಲೇ ಮುಂದಿನ ಚಮಚ. ಮೊದಲ ದಿನ ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕೆಮ್ಮಿದ್ದು ಎರಡೇ ಸಲ.

‘ಇದು ಆ ಕಳೆನಾಶಕದಿಂದಲೇ ಬಂದಿದ್ದಾ?’ ಅಂತ ಎಲ್ಲ ಮನೆಯಲ್ಲೂ ಕೇಳುತ್ತಾರೆ. ಒಂದು ಮಗುವನ್ನು ನೋಡಿ ಹಾಗೆ ಹೇಳೋಕೆ ಯಾರಿಂದಲೂ ಆಗಲ್ಲ. ಅದನ್ನೇ ಹೇಳುತ್ತಿದ್ದೆ. ಆದರೆ ಬಾ ಇದನ್ನು ತನ್ನ ಹಿಂದಿನ ಜನ್ಮದ ಕರ್ಮ ಅಂದುಕೊಂಡಿದ್ದರು. ಅದಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳಿದೆ, ಒಂದು ಸಲವಲ್ಲ, ಹೋದಾಗಲೆಲ್ಲ. ಹುಡುಗನಿಗೆ ಒಬ್ಬಳು ತಂಗಿ ಇದ್ದಾಳೆ ಅಂತ ಗೊತ್ತಾಗಿದ್ದು ಆರು ತಿಂಗಳ ಮೇಲೆ. ಎಲ್ಲಿ ಮದುವೆ ಆಗಲ್ಲವೋ ಅಂತ ಬಾಯಿ ಬಿಟ್ಟಿರಲಿಲ್ಲ.

ನಾನು ವಾಪಸ್ ಬರೋ ಹೊತ್ತಿಗೆ ಬಾಗೆ 74. ತನ್ನ ನಂತರ ಯಾರು ಅನ್ನೋದೇ ಅವರ ಚಿಂತೆ. ತಂಗಿಗೂ ಪಕ್ಕದ ಮನೆಯವಳಿಗೂ ಊಟ ಮಾಡಿಸೋದು ಕಲಿಸಿದ್ದೇವೆ. ಅಜ್ಜಿ ಕೈಯಲ್ಲಿ ಪೂರ್ತಿ ಬಟ್ಟಲು ತಿನ್ನುತ್ತಾನೆ, ಆ ಇಬ್ಬರ ಕೈಯಲ್ಲಿ ಇನ್ನೂ ಅರ್ಧವೇ.