ಹೊಸ ಅಕ್ವೇರಿಯಂ ನೀರು ಬೆಳ್ಳಗಾದರೆ ಮೊದಲು ಬಕೆಟ್ ಕೆಳಗಿಡಿ

ಹೋದ ವಾರ ಬಂಗಾರಪೇಟೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. “ಅಣ್ಣಾ, ಟ್ಯಾಂಕ್ ಇಟ್ಟು ಮೂರೇ ದಿನ ಆಗಿರೋದು, ನೀರೆಲ್ಲ ಅಕ್ಕಚ್ಚು ಆಗೋಗಿದೆ, ಹಿಂದಿನ ಗಿಡಾನೇ ಕಾಣಿಸ್ತಿಲ್ಲ. ಪೂರ್ತಿ ಚೆಲ್ಲಿ ಹೊಸ ನೀರು ತುಂಬಿಸ್ಲಾ?” ಬೇಡ, ಬಕೆಟ್ ಕೆಳಗಿಡು ಅಂದೆ. ನಮ್ಮ ಕೋಲಾರದ ಕಡೆ ಹೊಸದಾಗಿ ಮೀನು ಸಾಕಲು ಶುರು ಮಾಡಿದವರು ಎಡವುವುದು ಇಲ್ಲೇ. ನೀರು ಬೆಳ್ಳಗಾಗಿದ್ದಕ್ಕೆ ಮೀನು ಸಾಯುವುದು ಕಡಿಮೆ. ಅದನ್ನು ತಿಳಿ ಮಾಡಲು ಹೋಗಿ ನಾವು ಮಾಡುವ ಕೆಲಸಗಳಿಂದ ಸಾಯುವುದೇ ಜಾಸ್ತಿ.

ಮೊದಲು ಅದು ಎಂಥ ಬಿಳುಪು ಅಂತ ನೋಡಿಕೊಳ್ಳಿ. ಗಾಜಿನ ಲೋಟದಲ್ಲಿ ಟ್ಯಾಂಕಿನ ನೀರು ತುಂಬಿ, ರಾತ್ರಿ ಯಾರೂ ಮುಟ್ಟದ ಕಡೆ ಇಟ್ಟುಬಿಡಿ. ಬೆಳಿಗ್ಗೆ ಲೋಟದ ಹಿಂದೆ ಪೇಪರ್ ಹಿಡಿದು ನೋಡಿ. ತಳದಲ್ಲಿ ರಾಗಿ ಹಿಟ್ಟಿನ ಹಾಗೆ ನುಣ್ಣನೆ ಪುಡಿ ಕೂತು, ಮೇಲಿನ ನೀರಿನಲ್ಲಿ ಅಕ್ಷರ ಚೆನ್ನಾಗಿ ಕಂಡರೆ ಅದು ಸರಿಯಾಗಿ ತೊಳೆಯದ ಮರಳಿನ ಧೂಳು. ಫಿಲ್ಟರಿನಲ್ಲಿ ಸ್ವಲ್ಪ ಬಿಳಿ ಫಿಲ್ಟರ್ ಕಾಟನ್ ಸೇರಿಸಿ, ಒಂದೆರಡು ದಿನದಲ್ಲಿ ಹಿಡಿದುಕೊಳ್ಳುತ್ತದೆ. ಲೋಟದ ನೀರು ಮೇಲಿಂದ ಕೆಳಗಿನವರೆಗೂ ಒಂದೇ ಸಮ ಮಂಜು ಕವಿದ ಹಾಗೆ ಇದ್ದು, ತಳದಲ್ಲಿ ಏನೂ ಕೂತಿಲ್ಲ ಅಂದರೆ ಅದು ಬ್ಯಾಕ್ಟೀರಿಯಾ. ಹಸಿರಾಗಿದ್ದರೆ ಪಾಚಿ, ಟ್ಯಾಂಕಿಗೆ ಬಿಸಿಲು ಬೀಳುತ್ತಿದೆ, ಜಾಗ ಬದಲಿಸಿ. ಟೀ ಬಣ್ಣವಾದರೆ ಒಳಗಿಟ್ಟ ಕಟ್ಟಿಗೆ ಬಿಡುವ ಬಣ್ಣ, ಅದರಿಂದ ತೊಂದರೆ ಇಲ್ಲ.

ಇಲ್ಲಿ ಮುಖ್ಯವಾಗಿ ಹೇಳಬೇಕಿರುವುದು ಬ್ಯಾಕ್ಟೀರಿಯಾದ ಬಿಳುಪಿನ ಬಗ್ಗೆ. ಸಾಮಾನ್ಯವಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹೊಸ ಟ್ಯಾಂಕಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಒಂದು ಬಗೆ ಉಳಿದ ಊಟ, ಕೊಳೆತ ಎಲೆ, ನೀರಿನಲ್ಲಿ ಕರಗಿದ ಗಲೀಜು ತಿಂದು ನೀರಿನಲ್ಲೇ ತೇಲಾಡಿಕೊಂಡು ಬೆಳೆಯುವಂಥದ್ದು. ಅನುಕೂಲ ಇದ್ದರೆ ಅದು 20 ನಿಮಿಷದಿಂದ ಒಂದು ಗಂಟೆಯೊಳಗೆ ಎರಡರಷ್ಟಾಗುತ್ತದೆ, ನಿಮಗೆ ಬೆಳ್ಳಗೆ ಕಾಣುವುದು ಇದೇ. ಇನ್ನೊಂದು ಬಗೆ ನಮಗೆ ನಿಜವಾಗಿ ಬೇಕಾದದ್ದು. ಮೀನಿಗೆ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುವ ನೈಟ್ರೊಸೊಮೊನಾಸ್, ನೈಟ್ರೊಸ್ಪೈರಾ ಜಾತಿಯವು. ಇವು ನೀರಿನಲ್ಲಿ ತೇಲುವುದಿಲ್ಲ, ಫಿಲ್ಟರ್ ಸ್ಪಂಜು, ಕಲ್ಲು, ಮರಳಿಗೆ ಅಂಟಿಕೊಂಡು ಬದುಕುತ್ತವೆ, ಎರಡರಷ್ಟಾಗಲು ಹೆಚ್ಚುಕಡಿಮೆ ಅರ್ಧ ದಿನದಿಂದ ಒಂದು ದಿನ ಬೇಕು. ಹಾಗಾಗಿಯೇ ಬಿಳುಪು ಮೂರು ದಿನದಲ್ಲಿ ಬಂದರೂ ಸೈಕಲ್, ಅಂದರೆ ಈ ಒಳ್ಳೆಯ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆದು ನೆಲೆಯಾಗುವ ಕೆಲಸ, ಮುಗಿಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತಿನ್ನಲು ಇರುವ ಗಲೀಜು ಮುಗಿದ ಮೇಲೆ ಬಿಳುಪು ತಾನಾಗಿಯೇ ಇಳಿಯುತ್ತದೆ. ಕೆಲವೊಮ್ಮೆ ಮೂರು ದಿನ, ಕೆಲವೊಮ್ಮೆ ಎರಡು ವಾರ.

ನನ್ನ ಮೊದಲ ಟ್ಯಾಂಕ್ ಎರಡಡಿ ಉದ್ದದ್ದು, ಸುಮಾರು 50 ಲೀಟರ್. ಬೆಳ್ಳಗಾಯ್ತು ಅಂತ ಒಂದೇ ವಾರದಲ್ಲಿ ಮೂರು ಸಲ ಪೂರ್ತಿ ನೀರು ಬದಲಿಸಿದೆ, ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಪ್ರತಿ ಸಲವೂ ಎರಡು ದಿನಕ್ಕೆ ಮತ್ತೆ ಬೆಳ್ಳಗೆ. ಒಳಗಿದ್ದ ನಾಲ್ಕು ಗೋಲ್ಡ್‌ಫಿಶ್‌ಗಳಲ್ಲಿ ಮೂರು ಸತ್ತವು, ಕಿವಿರೆಲ್ಲ ಕೆಂಪಾಗಿ ನೀರಿನ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದವು. ಆಗ ತಾನೇ ಅಂಟಿಕೊಳ್ಳುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನು ನಾನೇ ಕ್ಲೋರಿನ್ ನೀರಿನಲ್ಲಿ ತೊಳೆದು ಹಾಕಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಈಗ ಮಾಡಬೇಕಾದ ಕೆಲಸ. ಫಿಲ್ಟರ್ ದಿನದ 24 ಗಂಟೆಯೂ ಓಡಲಿ, ಜೊತೆಗೆ ಒಂದು ಏರ್ ಪಂಪು ಹಾಕಿ. ಬೆಳ್ಳಗೆ ಕಾಣುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ತುಂಬಾ ಬಳಸಿಕೊಳ್ಳುತ್ತದೆ, ಆ ಹೊತ್ತಿನಲ್ಲಿ ಮೀನಿಗೆ ನಿಜವಾದ ಅಪಾಯ ಅದೇ. ಮೀನು ಇದ್ದರೆ ಊಟ ದಿನ ಬಿಟ್ಟು ದಿನ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ತಳದಲ್ಲಿ ಬಿದ್ದ ಊಟವನ್ನು ಪೈಪಿನಲ್ಲಿ ಎಳೆದು ತೆಗೆಯಿರಿ. ಸ್ಪಂಜು ಕಟ್ಟಿಕೊಂಡು ನೀರೇ ಹರಿಯುತ್ತಿಲ್ಲ ಅಂದರೆ ಮಾತ್ರ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಂದು ಸಲ ಅದ್ದಿ ತೆಗೆದು ವಾಪಸ್ ಇಡಿ.

ಪಟಿಕ ಹಾಕಬೇಡಿ. ಕೆರೆ ನೀರು ತಿಳಿಯಾಗಲು ಪಟಿಕ ತಿರುಗಿಸಿದ್ದನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ, ಆದರೆ ಅದು ನೀರಿನ ಕ್ಷಾರ ಇಳಿಸಿ ಪಿಎಚ್ ಬೀಳಿಸುತ್ತದೆ, ಅಂದರೆ ನೀರನ್ನು ಹುಳಿ ಮಾಡುತ್ತದೆ. ಅಂಗಡಿಯಲ್ಲಿ ಕೊಡುವ ನೀಲಿ ಮೆಥಿಲೀನ್ ಬ್ಲೂ ಕೂಡ ಸುಮ್ನೆ ಹಾಕಬೇಡಿ. ಅದು ಕಾಯಿಲೆಗೆ ಹಾಕುವ ಔಷಧಿ, ಸ್ಪಂಜಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳುತ್ತದೆ.

ಗೊತ್ತಿರುವವರ ಹತ್ತಿರ ಆರು ತಿಂಗಳಿಗಿಂತ ಹಳೆಯ, ಕಾಯಿಲೆ ಇಲ್ಲದ ಟ್ಯಾಂಕ್ ಇದ್ದರೆ ಅಲ್ಲಿಂದ ಅಂಗೈಯಗಲ ಸ್ಪಂಜು ಕೇಳಿ ತನ್ನಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು. ಒಣಗಲು ಬಿಡದೆ ಆ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ತಂದು, ಅದೇ ದಿನ ನಿಮ್ಮ ಫಿಲ್ಟರಿನೊಳಗೆ ಇಡಿ. ಆರು ವಾರದ ಕೆಲಸ ಒಂದೆರಡು ವಾರಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾಕ್ಕಿಂತ ನನಗೆ ಇದರ ಮೇಲೇ ನಂಬಿಕೆ.

ಇನ್ನು ನೀರು. ನಮ್ಮ ಜಿಲ್ಲೆಯಲ್ಲಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ಬರುವ ನೀರು ಗಡಸು, ಪಿಎಚ್ ಕೂಡ ಜಾಸ್ತಿ ಇರಬಹುದು. ಬ್ಯಾಕ್ಟೀರಿಯಾಕ್ಕೆ ಅದು ಒಳ್ಳೆಯದೇ, ಗಪ್ಪಿ, ಮೊಲ್ಲಿ ಮೀನಿಗೂ ಒಗ್ಗುತ್ತದೆ. ಆದರೆ ಪಿಎಚ್ ಏರಿದಷ್ಟೂ ಅಮೋನಿಯಾ ಜಾಸ್ತಿ ವಿಷವಾಗುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇಕಡಾ 0.5ರಷ್ಟು, ಪಿಎಚ್ 8 ಆದರೆ ಅದೇ ಶೇಕಡಾ 5 ದಾಟುತ್ತದೆ. ಬೋರ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದುಂಟು, ಒಂದು ರಾತ್ರಿ ಬಕೆಟಿನಲ್ಲಿಟ್ಟು ಏರ್ ಪಂಪು ಬಿಟ್ಟು ಬಳಸಿ. ಟ್ಯಾಂಕರ್ ನೀರಿಗೋ ಸಂಪಿಗೋ ಬ್ಲೀಚಿಂಗ್ ಪೌಡರ್ ಹಾಕಿದ್ದರೆ, ಆಂಟಿ ಕ್ಲೋರಿನ್ ಹನಿ ಹಾಕದೆ ಒಂದು ಚೊಂಬು ನೀರನ್ನೂ ಟ್ಯಾಂಕಿಗೆ ಸುರಿಯಬೇಡಿ.

ತುಂಬಾ ಜನ ಮಾಡುವ ಇನ್ನೊಂದು ತಪ್ಪು, “ಶುದ್ಧ ನೀರು ಅಲ್ವಾ” ಅಂತ ನಾಣ್ಯ ಹಾಕಿ ತುಂಬಿಸುವ ಕ್ಯಾನ್ ನೀರನ್ನೇ ಪೂರ್ತಿ ಹಾಕುವುದು. ಆರ್‌ಒ ನೀರಿನಲ್ಲಿ ಕ್ಷಾರ ಬಹಳ ಕಡಿಮೆ. ಒಂದು ಗ್ರಾಂ ಅಮೋನಿಯಾ ನೈಟ್ರೋಜನ್ನನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾ ಸುಮಾರು 7 ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರ ಖರ್ಚು ಮಾಡುತ್ತದೆ. ಅದು ಮುಗಿದರೆ ಪಿಎಚ್ ಕುಸಿದು ಸೈಕಲ್ ಅಲ್ಲೇ ನಿಂತುಬಿಡುತ್ತದೆ. ತಿಂಗಳಾದರೂ ಅಮೋನಿಯಾ ಇಳಿಯುತ್ತಿಲ್ಲ ಅನ್ನುವವರನ್ನು ನಾನು ಮೊದಲು ಕೇಳುವುದೇ ಯಾವ ನೀರು ಹಾಕಿದ್ದೀರಿ ಅಂತ. ಬೋರ್ ನೀರು ಅರ್ಧ, ಕ್ಯಾನ್ ನೀರು ಅರ್ಧ ಸೇರಿಸಿದರೆ ನಮ್ಮ ಕಡೆ ಚೆನ್ನಾಗಿ ನಡೆಯುತ್ತದೆ.

ಮೀನು ಇನ್ನೂ ಬಿಟ್ಟಿಲ್ಲ ಅಂದರೆ ನಿಮ್ಮ ಕೆಲಸ ಹಗುರ. ಬಿಳುಪಿದ್ದರೂ ನೀರು ಬದಲಿಸಬೇಡಿ. ದಿನಕ್ಕೆ ಒಂದು ಚಿಟಿಕೆ ಮೀನಿನ ಊಟವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಿ, ಅದು ಕೊಳೆತು ಅಮೋನಿಯಾ ಆಗುತ್ತದೆ. ಬಿಳುಪು ವಿಪರೀತ ಆದರೆ ಗಂಟು ಎತ್ತಿ ಎರಡು ದಿನ ಬಿಡಿ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತಗೊಳ್ಳಿ, ದುಡ್ಡು ಹಾಕಬೇಕಾದದ್ದು ಅದಕ್ಕೆ. ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಹತ್ತಿರ ಇದ್ದರೆ ಸಾಕು.

ಮೀನು ಒಳಗಿದ್ದರೆ ದಿನಾ ಪರೀಕ್ಷೆ ಮಾಡಿ. ಅಮೋನಿಯಾ 0.5 ಪಿಪಿಎಂ ದಾಟಿದರೆ ಕಾಲು ಭಾಗ ನೀರು ಬದಲಿಸಿ, ಇನ್ನೂ ಇಳಿಯದಿದ್ದರೆ ಮಾರನೇ ದಿನ ಮತ್ತೆ ಕಾಲು ಭಾಗ. ನೈಟ್ರೈಟ್ ಏರಿದರೆ 20 ಲೀಟರಿಗೆ ಒಂದು ಟೀ ಚಮಚ ಕಲ್ಲುಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಮೀನಿನ ಕಿವಿರಿನಲ್ಲೇ ತಡೆಯುತ್ತದೆ. ಇಲ್ಲಿ ನೀರು ಬದಲಿಸುವುದು ವಿಷ ಇಳಿಸಲು, ಬಿಳುಪು ಹೋಗಲಿ ಅಂತ ಅಲ್ಲ.

ಕರೆಂಟ್ ಹೋದರೆ ಫಿಲ್ಟರ್ ಒಳಗಿನ ನೀರು ನಿಂತಲ್ಲೇ ನಿಂತು, ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸೊರಗತೊಡಗುತ್ತದೆ. ಯುಎಸ್‌ಬಿ ಏರ್ ಪಂಪು, ಒಂದು ಪವರ್ ಬ್ಯಾಂಕ್ ಮನೆಯಲ್ಲಿರಲಿ. ಡಿಸೆಂಬರ್, ಜನವರಿಯಲ್ಲಿ ಶುರು ಮಾಡುವವರು 50 ವ್ಯಾಟಿನ ಹೀಟರ್ ಹಾಕಿ ನೀರನ್ನು 27 ಡಿಗ್ರಿ ಆಸುಪಾಸಿನಲ್ಲಿಡಿ, ಇಲ್ಲಿನ ಚಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ತೀರಾ ನಿಧಾನವಾಗುತ್ತದೆ.

ಟ್ಯಾಂಕಿಗೆ ಹಾಕುವ ಮೊದಲೇ ನಿಮ್ಮ ಬೋರ್ ನೀರಿನ ನೈಟ್ರೇಟ್ ಎಷ್ಟಿದೆ ಅಂತ ಒಂದು ಸಲ ನೋಡಿ ಬರೆದಿಡಿ. ಹೊಲ, ತೋಟದ ಗೊಬ್ಬರದಿಂದ ನೈಟ್ರೇಟ್ ಅಂತರ್ಜಲಕ್ಕೆ ಇಳಿದಿರಬಹುದು. ಅದು ಗೊತ್ತಿಲ್ಲದೆ ಕಿಟ್‌ನಲ್ಲಿ ನೈಟ್ರೇಟಿನ ಕೆಂಪು ಬಣ್ಣ ಕಂಡ ತಕ್ಷಣ ಸೈಕಲ್ ಮುಗೀತು ಅಂದುಕೊಂಡು ಮೀನು ತಂದವರಿದ್ದಾರೆ. ಸರಿಯಾದ ಗುರುತು ಒಂದೇ. 2 ಪಿಪಿಎಂ ಅಮೋನಿಯಾ ಇದ್ದದ್ದು 24 ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಬೇಕು.

ಆ ಬಂಗಾರಪೇಟೆ ಹುಡುಗ ನಿನ್ನೆ ಫೋಟೋ ಕಳಿಸಿದ. ನೀರು ಎಷ್ಟು ತಿಳಿಯಾಗಿದೆ ಅಂದರೆ ಹಿಂದಿನ ಗೋಡೆಯ ಕ್ಯಾಲೆಂಡರ್ ತಾರೀಖು ಓದಬಹುದು. ಪಕ್ಕದಲ್ಲೇ ನೈಟ್ರೈಟ್ ನೋಡುವ ಗಾಜಿನ ಕೊಳವೆ ಇತ್ತು, ಕಡು ನೇರಳೆ, ಅಂದರೆ ನೈಟ್ರೈಟ್ ಇನ್ನೂ ತುಂಬಾ ಇದೆ. “ಅಣ್ಣಾ, ಈಗ ಗಪ್ಪಿ ತರ್ಲಾ?” ಅಂತ ಕೇಳಿದ್ದ. ಕೊಳವೆ ಸೊನ್ನೆಯ ತಿಳಿ ನೀಲಿಗೆ ಬಂದು ಮೂರು ದಿನ ಹಾಗೇ ನಿಂತ ಮೇಲೆ ತಾ, ಅದೂ ಮೊದಲು ನಾಲ್ಕೇ ನಾಲ್ಕು ಅಂತ ಹೇಳಿದ್ದೇನೆ.